ಟೇಪಿನ ಟೀಚರ್ ಕಾಯುತ್ತಿದ್ದ ಹೊತ್ತು

ಹೋದ ವರ್ಷ ನವಿ ಮುಂಬಯಿಯ ನೆರೂಳಿನ ಒಂದು ಕಾಲೇಜಿನಲ್ಲಿ ಹೊಸ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಇತ್ತು. ನಿವೃತ್ತಿಯಾದ ಮೇಲೂ ಇಂಥದ್ದಕ್ಕೆಲ್ಲ ನನ್ನನ್ನು ಕರೆಯುತ್ತಾರೆ. ಶಾಲು ಹೊದಿಸುತ್ತಾರೆ, ತಜ್ಞೆ ಅನ್ನುತ್ತಾರೆ, ಈ ಭಾಗದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ರೀತಿಯನ್ನೇ ಬದಲಿಸಿದವರು ಅನ್ನುತ್ತಾರೆ. ಕೇಳಲು ಹಿತವಾಗಿಯೇ ಇರುತ್ತದೆ. ಅವತ್ತು ಊಟವಾದ ಮೇಲೆ ಒಬ್ಬಳು ಹೊಸ ಶಿಕ್ಷಕಿ ಮೊಬೈಲು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ನಮ್ಮ ಕಾಲದ ಕ್ಯಾಸೆಟ್ ಪಾಠಗಳು ಅವಳಿಗೆ ಎಲ್ಲಿಯೋ ಸಿಕ್ಕಿದ್ದವಂತೆ. ಅವನ್ನು ಮೊಬೈಲಿಗೆ ಹಾಕಿಕೊಂಡಿದ್ದಳು. ನಡುನಡುವೆ ತುಂಬ ಖಾಲಿ ಜಾಗ ಇತ್ತು ಮೇಡಂ, ಎಲ್ಲ ಕತ್ತರಿಸಿಬಿಟ್ಟೆ, ಈಗ ಅರ್ಧ ಹೊತ್ತಿನಲ್ಲಿ ಪಾಠ ಮುಗಿಯುತ್ತದೆ ಅಂತ ಹೆಮ್ಮೆಯಿಂದ ಹೇಳಿ ಕೇಳಿಸಿದಳು.

ಐರಿನ್ ಟೀಚರ್ ಧ್ವನಿ ಬಂತು. ಆ ಧ್ವನಿ ನನಗೆ ನನ್ನ ಅಮ್ಮನ ಧ್ವನಿಯಷ್ಟೇ ಪರಿಚಿತ. ಆದರೆ ಅವರು ಉಸಿರು ತೆಗೆದುಕೊಳ್ಳದೆ ಕೇಳುತ್ತಿದ್ದರು. ನಿನ್ನ ಹೆಸರೇನು, ಭೇಷ್, ನಿನ್ನ ಮನೆ ಎಲ್ಲಿ, ಭೇಷ್, ಕೂತುಕೋ, ಏಳು, ಹಕ್ಕಿ ಎಲ್ಲಿದೆ, ಭೇಷ್. ಜ್ವರ ನೆತ್ತಿಗೇರಿದವರು ಯಾರೂ ಇಲ್ಲದ ಕೋಣೆಯಲ್ಲಿ ಒಂದೇ ಸಮನೆ ಮಾತಾಡುವ ಹಾಗಿತ್ತು. ದಯವಿಟ್ಟು ನಿಲ್ಲಿಸಮ್ಮ ಅಂದೆ. ಅವಳು ಗಾಬರಿಯಾಗಿ ನಿಲ್ಲಿಸಿ, "ಆ ಖಾಲಿ ಜಾಗದಲ್ಲಿ ಏನಿತ್ತು ಮೇಡಂ?" ಎಂದು ಕೇಳಿದಳು.

ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಉಡುಪಿಯ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ಮನೆಯಲ್ಲಿ ತುಳು, ಓಣಿಯಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಕೆಲಸ ಸಿಕ್ಕಿದ್ದು ಒಂದು ಕನ್ನಡ ಶಾಲೆಯಲ್ಲಿ, ಇಂಗ್ಲಿಷ್ ಕಲಿಸುವುದಕ್ಕೆ. ನಮ್ಮೂರ ಹೋಟೆಲಿನವರ ಮಕ್ಕಳು ಸ್ವಲ್ಪ ಇದ್ದರು. ಹೆಚ್ಚಿನವರು ಕಲಬುರಗಿ, ವಿಜಯಪುರ, ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ, ಮೂಟೆ ಹೊರುವುದಕ್ಕೆ ಬಂದವರ ಮಕ್ಕಳು. ನನ್ನ ಕನ್ನಡ ಕೇಳಿ ಅವರು ಮುಸಿಮುಸಿ ನಗುತ್ತಿದ್ದರು. ಅವರ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿತ್ತು. ಇದರ ಮೇಲೆ ಇಂಗ್ಲಿಷ್.

ಆಗಿನ ಪದ್ಧತಿ ಸುಲಭ. ನಾವು ಒಂದು ವಾಕ್ಯ ಹೇಳಬೇಕು, ಮಕ್ಕಳು ಒಟ್ಟಿಗೆ ಕೂಗಬೇಕು. ಒಂದು ದಿನ ಇನ್‌ಸ್ಪೆಕ್ಟರು ಬಂದರು. ಮುಂದಿನ ಸಾಲಿನ ಹುಡುಗನನ್ನು ಎಬ್ಬಿಸಿ, ನಿನ್ನ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗ ಗಂಟಲೆತ್ತಿ ಹೇಳಿದ: "ಮೈ ಫಾದರ್ ಈಸ್ ಎ ಫಾರ್ಮರ್. ಹಿ ಈಸ್ ಸ್ಟ್ರಾಂಗ್ ಅಂಡ್ ಹ್ಯಾಪಿ." ಪುಸ್ತಕದಲ್ಲಿದ್ದ ವಾಕ್ಯ ಅದು, ಒಂದಕ್ಷರ ತಪ್ಪಿಲ್ಲ. ಇನ್‌ಸ್ಪೆಕ್ಟರು ಬಹಳ ಮೆಚ್ಚಿದರು. ಆ ಹುಡುಗನ ತಲೆ ಬೋಳಿಸಿತ್ತು. ಅವನಪ್ಪ ಹಿಂದಿನ ವಾರವಷ್ಟೇ ಹಳಿ ದಾಟುವಾಗ ಗಾಡಿಗೆ ಸಿಕ್ಕಿ ಸತ್ತಿದ್ದರು.

ಹುಡುಗ ಕೂತು ಪಕ್ಕದವನನ್ನು ನೋಡಿ ನಕ್ಕ. ತನ್ನ ಅಪ್ಪನ ಬಗ್ಗೆ ತಾನು ಏನೋ ಹೇಳಿದೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಆ ಮಾತಿನೊಳಗೆ ಅವನೂ ಇರಲಿಲ್ಲ, ಅವನ ಅಪ್ಪನೂ ಇರಲಿಲ್ಲ. ಹಾಗಾದರೆ ಆ ಬಾಯಿಂದ ಮಾತಾಡಿದ್ದು ಯಾರು? ಸಂಜೆ ಗಾಡಿಯಲ್ಲಿ ನಿಂತು ಮನೆಗೆ ಬರುವಾಗ ಇದೇ ಯೋಚನೆ. ಹಾಡುಹಗಲಿನ ತರಗತಿಯಲ್ಲಿ ನನಗೆ ಮೊದಲ ಸಲ ಹೆದರಿಕೆಯಾದದ್ದು ಹೀಗೆ. ಕೂಗಿಸುವ ಪಾಠ ಬಿಡಬೇಕು ಅಂತ ಅವತ್ತೇ ತೀರ್ಮಾನಿಸಿದೆ. ಅದರ ಬದಲು ಏನು ಮಾಡಬೇಕು ಅನ್ನುವುದು ಗೊತ್ತಾಗಲು ಐರಿನ್ ಟೀಚರ್ ಸಿಗಬೇಕಾಯಿತು.

ಮುಂದೆ ನನ್ನನ್ನು ಥಾಣೆಯ ತರಬೇತಿ ಕೇಂದ್ರಕ್ಕೆ ಹಾಕಿದರು. ಅಲ್ಲಿಯ ಮುಖ್ಯಸ್ಥರು ಕುಲಕರ್ಣಿ ಸರ್. ಸೊಲ್ಲಾಪುರದ ಕಡೆಯವರು, ಕಟ್ಟುನಿಟ್ಟಿನ ಮನುಷ್ಯ. ಇಂಗ್ಲಿಷ್ ಬಾರದ ಶಿಕ್ಷಕರೇ ಇಂಗ್ಲಿಷ್ ಕಲಿಸಬೇಕಾದ ಶಾಲೆಗಳಿಗೆ ಕ್ಯಾಸೆಟ್ ಪಾಠ ಕಳಿಸೋಣ ಅನ್ನುವುದು ಅವರದೇ ಆಲೋಚನೆ. ಪಾಠ ಬರೆಯುವುದು ನನ್ನ ಪಾಲಿಗೆ ಬಂತು. ಧ್ವನಿ ಕೊಡುವುದಕ್ಕೆ ಕಲ್ಯಾಣದ ಶಾಲೆಯೊಂದರಿಂದ ಐರಿನ್ ಟೀಚರನ್ನು ಕರೆಸಿದರು.

ಅವರು ಮಂಗಳೂರಿನ ಕಡೆಯವರು, ನನಗಿಂತ ಹಿರಿಯರು, ತೆಳ್ಳಗೆ, ಯಾವಾಗಲೂ ಕಾಟನ್ ಸೀರೆ. ಧ್ವನಿ ದೊಡ್ಡದಲ್ಲ, ಆದರೆ ಕೋಣೆಯ ಮೂಲೆಮೂಲೆಗೂ ಹೋಗುತ್ತಿತ್ತು. ಕೇಂದ್ರದ ಹಿಂದಿನ ಒಂದು ಕೋಣೆಯ ಕಿಟಕಿಗಳಿಗೆ ಚಾದರ ಕಟ್ಟಿ, ಗಾಡಿ ಹೋದ ಮೇಲೆ ಇನ್ನೊಂದು ಗಾಡಿ ಬರುವುದರೊಳಗೆ ರೆಕಾರ್ಡ್ ಮಾಡುತ್ತಿದ್ದೆವು. ಒಂದು ಪ್ರಶ್ನೆ ಕೇಳಿ ಮಕ್ಕಳ ಉತ್ತರಕ್ಕಾಗಿ ಸ್ವಲ್ಪ ಬಿಡಬೇಕು ಅಂತ ನಾನು ಬರೆದಿದ್ದೆ. ಐರಿನ್ ಟೀಚರ್ ಸ್ವಲ್ಪ ಬಿಡುತ್ತಿರಲಿಲ್ಲ. ನಿಜವಾಗಿ ಕಾಯುತ್ತಿದ್ದರು. ಎದುರಿನ ಬರಿ ಗೋಡೆಯನ್ನು ನೋಡುತ್ತ ತಲೆಯಾಡಿಸುತ್ತಿದ್ದರು, ಹುಬ್ಬೆತ್ತುತ್ತಿದ್ದರು, ಒಮ್ಮೊಮ್ಮೆ ತುಟಿಯಂಚಿನಲ್ಲಿ ನಗುತ್ತಿದ್ದರು. ಒಂದೊಂದು ಪ್ರಶ್ನೆಗೆ ಒಂದೊಂದು ಅಳತೆಯ ಕಾಯುವಿಕೆ. ಕುಲಕರ್ಣಿ ಸರ್‌ಗೆ ತಾಳ್ಮೆ ಇರಲಿಲ್ಲ. ಟೇಪು ಸುಮ್ಮನೆ ಓಡುತ್ತಿದೆಯಲ್ಲ, ಮುಂದಿನ ವಾಕ್ಯ ಹೇಳಿ ಟೀಚರ್ ಎಂದು ಒಂದು ಸಲ ಸಿಡುಕಿದರು. ಐರಿನ್ ಟೀಚರ್ ಗೋಡೆಯಿಂದ ಕಣ್ಣು ತೆಗೆಯದೆ, "ಮಗು ಇನ್ನೂ ಹೇಳಲಿಲ್ಲ ಸರ್" ಎಂದರು.

ಕ್ಯಾಸೆಟ್‌ಗಳು ಶಾಲೆಗಳಿಗೆ ಹೋದವು. ಸ್ವಲ್ಪ ದಿನದಲ್ಲೇ ಶಿಕ್ಷಕರು ಬಂದು ವಿಚಿತ್ರ ಸುದ್ದಿ ಹೇಳತೊಡಗಿದರು. ಮಕ್ಕಳು ತಡವರಿಸಿ ತಡವರಿಸಿ ಉತ್ತರ ಮುಗಿಸುವ ಹೊತ್ತಿಗೆ ಸರಿಯಾಗಿ ಟೇಪು ಭೇಷ್ ಅನ್ನುತ್ತಿತ್ತಂತೆ. ಒಂದು ಪಾಠದಲ್ಲಿ ಪ್ರಶ್ನೆಯಾದ ಮೇಲೆ ಐರಿನ್ ಟೀಚರ್ ಮೆಲ್ಲಗೆ ನಕ್ಕು, ಇನ್ನೊಮ್ಮೆ ಯೋಚಿಸು ಅನ್ನುತ್ತಾರೆ. ಆ ನಗುವಿಗೆ ಮುಂಚೆ ಕಲ್ಯಾಣದಲ್ಲಿಯೂ ಅಂಬರನಾಥದಲ್ಲಿಯೂ ಯಾವುದೋ ಒಂದು ಮಗು ಅದೇ ತಪ್ಪು ಉತ್ತರ ಹೇಳಿಯೇ ಹೇಳುತ್ತಿತ್ತು. ಒಬ್ಬ ಶಿಕ್ಷಕಿ ನನ್ನ ಕಿವಿಯಲ್ಲಿ, ನಿಮ್ಮ ಟೇಪಿಗೆ ಕಿವಿ ಇದೆ ಮೇಡಂ ಅಂದಳು. ಇಷ್ಟು ವರ್ಷ ಮಕ್ಕಳ ಎದುರಿಗೆ ನಿಂತವರಿಗೆ ಎಲ್ಲಿ ತಪ್ಪುತ್ತಾರೆ ಅನ್ನುವುದು ಗೊತ್ತಿರುತ್ತದೆ ಎಂದು ಅವಳಿಗೆ ಸಮಾಧಾನ ಹೇಳಿದೆ. ನನಗೂ ಅದೇ ಸಮಾಧಾನ ಹೇಳಿಕೊಂಡೆ.

ಎರಡನೆಯ ಕಂತಿನ ಪಾಠಗಳನ್ನು ಮಾಡುವಾಗ ಐರಿನ್ ಟೀಚರ್ ಆರೋಗ್ಯ ಕೆಟ್ಟಿತ್ತು. ಶಾಲು ಹೊದ್ದು ಕೂರುತ್ತಿದ್ದರು. ಧ್ವನಿ ಇಳಿದಿತ್ತು, ಕಾಯುವ ಹೊತ್ತು ಇನ್ನೂ ಉದ್ದವಾಗಿತ್ತು. ಇದು ನಡೆಯುವುದಿಲ್ಲ, ಅವರು ಸುಧಾರಿಸಿದ ಮೇಲೆ ಮತ್ತೆ ಮಾಡೋಣ ಎಂದರು ಕುಲಕರ್ಣಿ ಸರ್. ಅವರು ಸುಧಾರಿಸಲಿಲ್ಲ. ಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೇರೆ ದಾರಿ ಇಲ್ಲದೆ, ಇದ್ದ ಟೇಪುಗಳನ್ನೇ ಪ್ರತಿ ಮಾಡಿ ಕಳಿಸಿದೆವು. ಮಕ್ಕಳಿಗೆ ಹೇಳುವುದು ಬೇಡ ಎಂದು ಕುಲಕರ್ಣಿ ಸರ್ ಶಿಕ್ಷಕರಿಗೆ ಸೂಚನೆ ಕೊಟ್ಟರು. ದಿನಾ ಅವರಿಗೆ ನಮಸ್ಕಾರ ಹೇಳುವ ಮಕ್ಕಳು, ಹೆದರುತ್ತಾರೆ ಅಂದರು.

ಮಕ್ಕಳೇನೂ ಹೆದರಲಿಲ್ಲ. ಹೆದರಿದ್ದು ನಾನು. ಶಾಲೆಗಳನ್ನು ನೋಡಲು ಹೋದಾಗ ಮೆಟ್ಟಿಲು ಹತ್ತುವುದರೊಳಗೆ ಆ ಧ್ವನಿ ಎದುರಾಗುತ್ತಿತ್ತು. ಗುಡ್ ಮಾರ್ನಿಂಗ್ ಚಿಲ್ಡ್ರನ್. ಕೋಣೆ ತುಂಬ ಮಕ್ಕಳು ಎದ್ದು, ಗುಡ್ ಮಾರ್ನಿಂಗ್ ಟೀಚರ್ ಅನ್ನುತ್ತಿದ್ದರು. ಒಂದು ಶಾಲೆಯಲ್ಲಿ ಎರಡು ತರಗತಿಗಳಲ್ಲಿ ಒಂದೇ ಪಾಠ ಹಚ್ಚಿದ್ದರು, ಒಂದು ಸ್ವಲ್ಪ ಹಿಂದೆ, ಒಂದು ಸ್ವಲ್ಪ ಮುಂದೆ. ವರಾಂಡದಲ್ಲಿ ನಿಂತರೆ ಐರಿನ್ ಟೀಚರ್ ಈ ಕೋಣೆಯಿಂದ ಕೇಳುತ್ತಿದ್ದರು, ಆ ಕೋಣೆಯಿಂದ ತಮಗೆ ತಾವೇ ಭೇಷ್ ಅನ್ನುತ್ತಿದ್ದರು. ನಾನು ಒಳಗೆ ಹೋಗದೆ ಕೆಳಗಿಳಿದುಬಿಟ್ಟೆ.

ಆ ದಿನಗಳಲ್ಲೇ ಅಂಬರನಾಥದಿಂದ ಶರಣಪ್ಪ ಮಾಸ್ತರರ ಫೋನು ಬಂತು. ಅವರು ವಿಜಯಪುರದವರು, ಅಲ್ಲಿಯ ಕಾರ್ಖಾನೆಗಳ ಹಿಂದಿನ ಒಂದು ಕನ್ನಡ ಶಾಲೆಯಲ್ಲಿ ಇದ್ದರು. ಮಾತು ಬೆಳೆಸುವವರಲ್ಲ. "ಇಲ್ಲೊಂದು ಹುಡುಗಿ ಐತ್ರಿ ಮೇಡಂ. ಸಾಲಿಗೆ ಬಂದಾಗಿಂದ ಒಂದು ಮಾತಾಡಿಲ್ಲ. ಟೇಪ್ ಹಚ್ಚಿದ್ರ ಅಷ್ಟ ಮಾತಾಡತೈತಿ, ಅದೂ ಆ ಟೀಚರ್ ಕೂಡ" ಎಂದರು. ನೀವೊಮ್ಮೆ ಬಂದು ನೋಡಿ ಎಂದೂ ಹೇಳಿದರು.

ಹುಡುಗಿಯ ಹೆಸರು ಗಂಗಮ್ಮ. ರಾಯಚೂರಿನ ಕಡೆಯವರ ಮಗಳು. ಅಪ್ಪ ಹಣಮಂತ, ಅವ್ವ ಮಲ್ಲಮ್ಮ, ಇಬ್ಬರೂ ಕಟ್ಟಡದ ಕೆಲಸ. ಸ್ಟೇಷನ್ನಿನಿಂದ ಶಾಲೆಗೆ ಹೋಗುವ ದಾರಿಯಲ್ಲಿ ಮಾಸ್ತರರು ಅವರ ಕಥೆ ಹೇಳಿದರು. ಮುಂಚೆ ಅವರು ರಬಾಳೆಯ ಕಡೆ ಒಂದು ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದರು. ಗಂಗಮ್ಮನಿಗೆ ಭಾಗ್ಯ ಅಂತ ತಂಗಿ ಇದ್ದಳು, ಆಗಷ್ಟೇ ಓಡಾಡಲು ಕಲಿತ ಕೂಸು. ಒಂದು ಮಧ್ಯಾಹ್ನ ಆ ಕೂಸು ಕಾಣೆಯಾಯಿತು. ಯಾರೋ ಒಬ್ಬ ಹೆಂಗಸು ಒಂದು ಮಗುವನ್ನು ಎತ್ತಿಕೊಂಡು ಸ್ಟೇಷನ್ ಕಡೆ ಹೋದದ್ದನ್ನು ನೋಡಿದೆ ಎಂದು ಕೂಲಿಗಳ ಮೇಸ್ತ್ರಿ ಮುಕಾದಮ ಹೇಳಿದ. ಪೊಲೀಸರೂ ಅದನ್ನೇ ಬರೆದುಕೊಂಡರು. ಕೆಲಸ ನಿಂತುಹೋಯಿತು, ಇವರನ್ನು ಅಂಬರನಾಥಕ್ಕೆ ಕಳಿಸಿದರು. ಅಂದಿನಿಂದ ಮಲ್ಲಮ್ಮ ರಜೆ ಸಿಕ್ಕಾಗೆಲ್ಲ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಹೋಗಿ ನಿಲ್ಲುತ್ತಿದ್ದಳು, ಹೋಗಿಬರುವವರ ಕಂಕುಳಲ್ಲಿದ್ದ ಮಕ್ಕಳ ಮುಖ ನೋಡುತ್ತ. ಗಂಗಮ್ಮನ ಬಾಯಿ ಅವತ್ತಿನಿಂದಲೇ ಕಟ್ಟಿಹೋಗಿತ್ತು. ಮೂಕಿಯನ್ನು ಇಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಮುಖ್ಯಾಧ್ಯಾಪಕರು ರಾಗ ಎಳೆಯುತ್ತಿದ್ದರಂತೆ.

ನಾನು ತರಗತಿಯ ಹಿಂದೆ ಕೂತೆ. ಮಾಸ್ತರರು ಟೇಪು ಹಚ್ಚಿದರು. ಒಳಗೆ, ಮೇಲೆ, ಕೆಳಗೆ, ಹತ್ತಿರ ಅನ್ನುವ ಶಬ್ದಗಳ ಪಾಠ, ಎರಡನೆಯ ಕಂತಿನದು. ಹಕ್ಕಿ ಎಲ್ಲಿದೆ? ಮರದ ಮೇಲೆ. ಮೀನು ಎಲ್ಲಿದೆ? ಅಂಡರ್ ದಿ ವಾಟರ್, ನೀರಿನ ಕೆಳಗೆ. ಮಕ್ಕಳೆಲ್ಲ ಹೇಳುತ್ತಿದ್ದರು. ಕಿಟಕಿಯ ಹತ್ತಿರ ಒಬ್ಬಳು ತುಟಿ ಮಾತ್ರ ಆಡಿಸುತ್ತಿದ್ದಳು. ಆಮೇಲೆ ಮನೆಯವರ ಬಗ್ಗೆ ಪ್ರಶ್ನೆಗಳು. ನಿನ್ನ ತಾಯಿ ಎಲ್ಲಿ? ನಿನ್ನ ತಂದೆ ಎಲ್ಲಿ? ಮಕ್ಕಳು ಮನೆಯಲ್ಲಿ, ಕೆಲಸದಲ್ಲಿ ಎಂದು ಕೂಗಿದರು. ಐರಿನ್ ಟೀಚರ್ ದಣಿದ ಧ್ವನಿಯಲ್ಲಿ ಮುಂದಿನದನ್ನು ಕೇಳಿದರು.

"ವೇರ್ ಈಸ್ ಯುವರ್ ಸಿಸ್ಟರ್?"

ಅಟ್ ಹೋಮ್ ಎಂದು ತರಗತಿ ಕೂಗಿ ಸುಮ್ಮನಾಯಿತು. ಟೇಪು ಸುಮ್ಮನೆ ತಿರುಗುತ್ತಿತ್ತು. ಅಲ್ಲಿ ಕಾಯುವ ಹೊತ್ತು ತೀರಾ ಉದ್ದ. ಮಕ್ಕಳು ಕಿಸಕ್ಕೆಂದರು, ಒಬ್ಬ ಪೆನ್ಸಿಲ್ ಬೀಳಿಸಿದ. ಆಗ ಕಿಟಕಿಯ ಹತ್ತಿರದ ಹುಡುಗಿ ಎದ್ದು ನಿಂತು, ಟೇಪನ್ನೇ ನೋಡುತ್ತ ಹೇಳಿದಳು.

"ಅಂಡರ್ ದಿ ವಾಟರ್."

ಅವಳ ಮಾತು ಮುಗಿದ ಕೂಡಲೇ ಟೇಪು, "ಐ ಸೀ. ಕಮ್ ಹಿಯರ್. ಸಿಟ್ ನಿಯರ್ ಮಿ" ಎಂದಿತು. ಹೌದಾ, ಇಲ್ಲಿ ಬಾ, ನನ್ನ ಹತ್ತಿರ ಕೂತುಕೋ. 'ಹತ್ತಿರ' ಅನ್ನುವ ಶಬ್ದ ಕಲಿಸುವುದಕ್ಕೆಂದು ನಾನೇ ಬರೆದ ವಾಕ್ಯ ಅದು. ಬೇರೆ ಯಾವ ಮಗುವೂ ಕದಲಲಿಲ್ಲ. ಗಂಗಮ್ಮ ಮಾತ್ರ ಸಾಲುಗಳ ನಡುವೆ ನಡೆದು ಬಂದು, ಟೇಪ್‌ರೆಕಾರ್ಡರ್ ಇಟ್ಟ ಮೇಜಿನ ಪಕ್ಕ ನೆಲದ ಮೇಲೆ ಕೂತಳು. ದಿನಾ ಹೀಗೇ ಮಾಡುತ್ತಾಳೆ ಎಂದು ಮಾಸ್ತರರು ಕಣ್ಣಿನಲ್ಲೇ ಹೇಳಿದರು.

ಆದರೂ ನಾನು ಪಾಠ ಬರೆದವಳು. ಆ ಮೂರು ಶಬ್ದ ಅದೇ ಪಾಠದಲ್ಲಿ ಮೀನಿಗೆ ಬಂದಿದ್ದವು. ಮಗು ಗಿಣಿಪಾಠ ಒಪ್ಪಿಸಿರಬಹುದು. ಅಪ್ಪ ಸತ್ತ ಹುಡುಗ ಅಪ್ಪ ಗಟ್ಟಿಮುಟ್ಟಾಗಿದ್ದಾನೆ ಎಂದು ಹೇಳಿದ್ದನ್ನು ಕೇಳಿದವಳು ನಾನು. ಇಂಗ್ಲಿಷ್ ಪಾಠದಲ್ಲಿ ಮಕ್ಕಳು ಹೇಳಿದ್ದನ್ನೆಲ್ಲ ನಿಜವೆಂದು ಹಿಡಿದು ಒಬ್ಬ ತಾಯಿಯ ಮುಂದೆ ಹೋಗಿ ನಿಲ್ಲುವುದು ಹೇಗೆ? ಮಾಸ್ತರರಿಗೂ ಅದೇ ಅಳುಕು. ಅದಕ್ಕೇ ನನ್ನನ್ನು ಕರೆದದ್ದು.

ಮಕ್ಕಳನ್ನು ಆಟಕ್ಕೆ ಬಿಟ್ಟ ಮೇಲೆ ನಾನು ಗಂಗಮ್ಮನ ಎದುರಿಗೆ ನೆಲದ ಮೇಲೆ ಕೂತೆ. ಕನ್ನಡದಲ್ಲಿ ಮಾತಾಡಿಸಿದೆ. ಅವಳು ಕಿವಿ ಕೇಳದವಳ ಹಾಗೆ ಕೂತಿದ್ದಳು. ಆಗ ನಾನು ಐರಿನ್ ಟೀಚರ್ ಕೇಳುವ ಹಾಗೆ ಕೇಳಿದೆ. ವೇರ್ ಈಸ್ ದಿ ವಾಟರ್? ಆ ನೀರು ಎಲ್ಲಿದೆ? ಕೇಳಿ ಗೋಡೆ ನೋಡುತ್ತ ಕಾದೆ. ಕಾಯುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತಾದದ್ದು ಆಗ. ಬಾಯಿ ತುಂಬ ಇನ್ನೊಂದು ಪ್ರಶ್ನೆ ಬರುತ್ತದೆ. ಅದನ್ನು ನುಂಗಬೇಕು, ಮತ್ತೆ ಬರುತ್ತದೆ, ಮತ್ತೆ ನುಂಗಬೇಕು. ಹೊರಗೆ ಮಕ್ಕಳ ಗದ್ದಲ ಏರಿ ಇಳಿಯಿತು.

"ಬಿಗ್ ಹೌಸ್" ಅಂದಳು ಗಂಗಮ್ಮ. ಸ್ವಲ್ಪ ತಡೆದು, "ನೋ ಡೋರ್" ಅಂದಳು.

ದೊಡ್ಡ ಮನೆ, ಬಾಗಿಲು ಇಲ್ಲ. ಈ ಮಾತು ನನ್ನ ಯಾವ ಪಾಠದಲ್ಲಿಯೂ ಇರಲಿಲ್ಲ. ಎರಡು ಕಂತಿನ ಎಲ್ಲ ವಾಕ್ಯ ನನಗೆ ಬಾಯಿಪಾಠ. ಬಾಗಿಲು ಕಿಟಕಿ ಇನ್ನೂ ಕೂರಿಸದ ಕಟ್ಟಡವನ್ನು ಹೇಳುವುದಕ್ಕೆ ಆ ಮಗು ತನಗೆ ಬರುವ ನಾಲ್ಕು ಶಬ್ದಗಳನ್ನು ಹುಡುಕಿ ತಾನೇ ಜೋಡಿಸಿತ್ತು. ನನ್ನ ಇಡೀ ವೃತ್ತಿಯಲ್ಲಿ ಮಗುವೊಂದು ಸ್ವಂತ ವಾಕ್ಯ ಹೇಳಿದಾಗಲೆಲ್ಲ ಸಂತೋಷಪಟ್ಟಿದ್ದೇನೆ. ಅದೊಂದು ಸಲ ಮಾತ್ರ, ಇದೂ ಪುಸ್ತಕದ ಮಾತಾಗಿದ್ದರೆ ಸಾಕಿತ್ತು ಅನಿಸಿತು.

ಕನ್ನಡದಲ್ಲಿ ಅವಳಿಗೆ ಹೇಳಲಾಗಲಿಲ್ಲ. ಕನ್ನಡ ಅವ್ವನ ಮಾತು. ತಂಗೀನ ನೋಡಿಕೊ ಎಂದು ಅವ್ವ ಹೇಳಿಹೋದದ್ದು ಆ ಮಾತಿನಲ್ಲೇ. ಇಂಗ್ಲಿಷಿನಲ್ಲಿ ಅವಳನ್ನು ಯಾರೂ ಬೈದಿರಲಿಲ್ಲ, ಯಾರೂ ಅತ್ತಿರಲಿಲ್ಲ. ಅಲ್ಲಿ ಇದ್ದದ್ದು ಕೇಳಿ ಕಾಯುವ ಒಬ್ಬ ಟೀಚರ್ ಮಾತ್ರ.

ಸಂಜೆ ನಾನೂ ಮಾಸ್ತರರೂ ಅವಳ ಮನೆಯವರಿದ್ದ ಶೆಡ್ಡಿಗೆ ಹೋದೆವು. ಮಲ್ಲಮ್ಮ ಇನ್ನೂ ಬಂದಿರಲಿಲ್ಲ. ಮಾಸ್ತರರು ಹಣಮಂತನನ್ನು ಹೊರಗೆ ಕರೆದು ಅವನದೇ ಭಾಷೆಯಲ್ಲಿ ನಿಧಾನವಾಗಿ ಹೇಳಿದರು. ಆ ಕಟ್ಟಡದ ಹಿಂದೆ ಕಂಬಕ್ಕೆಂದು ತೋಡಿದ ಗುಂಡಿಯೊಂದಿತ್ತು, ಮಳೆ ನೀರು ತುಂಬಿತ್ತು ಎಂದಷ್ಟೇ ಹೇಳಿದ. ಆಮೇಲೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದ.

ಮಾರನೆಯ ದಿನ ಪೊಲೀಸ್ ಠಾಣೆಯಲ್ಲಿ ಸಾಕ್ಷಿ ಏನು ಎಂದು ಕೇಳಿದರು. ಇಂಗ್ಲಿಷ್ ಪಾಠದಲ್ಲಿ ಮಗು ಹೇಳಿದ ಉತ್ತರ ಎಂದು ಮರಾಠಿಯಲ್ಲಿ ವಿವರಿಸುವಾಗ ನನಗೇ ಅದು ಹುಚ್ಚು ಮಾತಿನಂತೆ ಕೇಳಿಸಿತು. ಕುಲಕರ್ಣಿ ಸರ್‌ಗೆ ಫೋನು ಮಾಡಿದೆ. ಅವರು ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದೇ ಮಾತು ಕೇಳಿದರು: ಆ ಉತ್ತರ ಕೂಡಲೇ ಬಂತೋ, ಕಾದ ಮೇಲೆ ಬಂತೋ? ಕಾದ ಮೇಲೆ ಎಂದೆ. ತಾವೇ ಹೊರಟು ಬಂದರು, ಇನ್‌ಸ್ಪೆಕ್ಟರ ಮುಂದೆ ಕುರ್ಚಿ ಎಳೆದುಕೊಂಡು ಕೂತರು, ನೀರು ತೆಗೆಸುವ ತನಕ ಏಳಲಿಲ್ಲ.

ಪಂಪು ಹಚ್ಚಿ ಗುಂಡಿಯ ನೀರು ತೆಗೆದರು. ಸುತ್ತ ಆ ಬಾಗಿಲಿಲ್ಲದ ಕಟ್ಟಡ, ಒಂದೊಂದು ಅಂತಸ್ತಿನಲ್ಲೂ ಚೌಕ ಚೌಕ ಕತ್ತಲೆ. ನಾನು ದೂರ ನಿಂತಿದ್ದೆ. ಹಣಮಂತ ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿ, ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಕೆಳಗಿದ್ದವರ ಕೈಗೆ ಕೊಟ್ಟ. ಅದರಲ್ಲಿ ಸುತ್ತಿಯೇ ಮೇಲಕ್ಕೆ ತಂದರು.

ಗಂಗಮ್ಮ ಕೆಲವು ದಿನ ಶಾಲೆಗೆ ಬರಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಅವ್ವನಿಗೆ, ಹಸಿವಾಗೈತಿ ಎಂದಳಂತೆ. ಮಲ್ಲಮ್ಮ ಬಯ್ಯಲಿಲ್ಲ, ರೊಟ್ಟಿ ಕೊಟ್ಟಳು. ಶಾಲೆಗೆ ಮರಳಿದ ಮೇಲೆ ಟೇಪು ಹಚ್ಚಿದರೆ ಅವಳು ಏಳುತ್ತಿರಲಿಲ್ಲ, ಮೇಜಿನ ಹತ್ತಿರ ಬರುತ್ತಿರಲಿಲ್ಲ. ಎಲ್ಲರ ಜೊತೆ ಕೂಗುತ್ತಾಳೆ, ಎಲ್ಲರ ಹಾಗೆ ತಪ್ಪು ಮಾಡುತ್ತಾಳೆ ಎಂದು ಶರಣಪ್ಪ ಮಾಸ್ತರರು ಫೋನಿನಲ್ಲಿ ಹೇಳಿದರು. ನಾನು ಇಬ್ಬರು ಮೂವರು ವೈದ್ಯರನ್ನು ವಿಚಾರಿಸಿ, ಮಕ್ಕಳ ಮನಸ್ಸು ಬಲ್ಲ ಒಬ್ಬರ ಹತ್ತಿರ ಅವಳನ್ನು ಕರೆದುಕೊಂಡು ಹೋಗುವ ಏರ್ಪಾಟು ಮಾಡಿದೆ. ಮುಂದೆ ಚೆನ್ನಾಗಿಯೇ ಓದಿದಳು. ಆದರೆ ಇಂಗ್ಲಿಷ್ ಅವಳಿಗೆ ಎಂದೂ ಇಷ್ಟವಾಗಲಿಲ್ಲ.

ಇದಾಗಿ ಸ್ವಲ್ಪ ಕಾಲದ ಮೇಲೆ ಮಲ್ಲಮ್ಮ ಒಬ್ಬಳೇ ದಾರಿ ಕೇಳಿಕೊಂಡು ಥಾಣೆಯ ನಮ್ಮ ಕೇಂದ್ರಕ್ಕೆ ಬಂದಳು. ಅಂಬರನಾಥದಿಂದ ಗಾಡಿಯಲ್ಲಿ ನಿಂತೇ ಬಂದಿದ್ದಳು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಸಜ್ಜಿ ರೊಟ್ಟಿ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಟೇಪಿನ ಟೀಚರನ್ನು ನೋಡಬೇಕು ಅಂದಳು. ಮಗಳ ಬಾಯಿ ಬಿಡಿಸಿದವರು ಅವರು, ಕಾಲು ಮುಟ್ಟಿ ಹೋಗುತ್ತೇನೆ ಅಂದಳು. ಮಕ್ಕಳಿಗೆ ಹೇಳಬಾರದು ಅಂದಿದ್ದರಿಂದ ಆ ಮನೆಗೂ ಯಾರೂ ಹೇಳಿರಲಿಲ್ಲ.

ಐರಿನ್ ಟೀಚರ್ ತೀರಿಕೊಂಡು ಬಹಳ ದಿನವಾಯಿತು ಎಂದು ಹೇಳಿದೆ. ಗಂಗಮ್ಮ ಅವರ ಜೊತೆ ಮಾತಾಡುವ ಮುಂಚೆಯೇ ಎಂದೂ ಹೇಳಿದೆ, ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಅವಳು ಅಳುತ್ತಾಳೆ ಇಲ್ಲವೇ ಹೆದರುತ್ತಾಳೆ ಎಂದು ಕುಲಕರ್ಣಿ ಸರ್ ಬಾಗಿಲ ಬಳಿ ಬಂದು ನಿಂತಿದ್ದರು. ಮಲ್ಲಮ್ಮ ಎರಡೂ ಮಾಡಲಿಲ್ಲ. ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು.

"ಅವರಿಗಿ ಕನ್ನಡ ಬರ್ತಿತ್ತೇನ್ರೀ ಬಾಯಾರ?"

ಬರುತ್ತಿತ್ತು, ಚೆನ್ನಾಗಿ ಬರುತ್ತಿತ್ತು ಎಂದೆ.

"ಹಂಗಾರ ಚಲೋ ಆತು" ಅಂದಳು ಮಲ್ಲಮ್ಮ. "ನಮ್ಮ ಸಣ್ಣಾಕಿ ಭಾಗ್ಯಗ ಇಂಗ್ಲಿಷ್ ಬರಂಗಿಲ್ಲ."